ಹನ್ನೊಂದರ ತಾಸು

ತೂಕದ ಯಂತ್ರದ ಮೇಲೆ ಬೆನ್ನು ತಿರುಗಿಸಿ ನಿಂತಾಗಲೆಲ್ಲ ತ್ರಿಶಲಾಗೆ ತಾನು ಹೊಳೆಯ ಅಂಚಿನಲ್ಲಿ ನಿಂತ ಹಾಗೆ ಅನ್ನಿಸುತ್ತಿತ್ತು. ಎದುರಿಗೆ ತಿಳಿಹಸಿರು ಸುಣ್ಣದ ಗೋಡೆ. ಹಿಂದೆ ಸರಿತಾ ಮೇಡಂ ಬಗ್ಗಿ ಅಂಕಿ ನೋಡಿ ಬರೆದುಕೊಳ್ಳುವ ಸಣ್ಣ ಸಪ್ಪಳ. ಅಂಕಿ ಎಷ್ಟೆಂದು ತ್ರಿಶಲಾ ನೋಡುವ ಹಾಗಿರಲಿಲ್ಲ. ಅದು ನಾಲ್ಕು ವರ್ಷದ ಹಿಂದೆ ಇಬ್ಬರೂ ಮಾಡಿಕೊಂಡ ಕರಾರು. ನೋಡಿದರೆ ಆ ಅಂಕಿ ಇಡೀ ವಾರ ಅವಳ ತಲೆಯೊಳಗೆ ನೊಣದ ಹಾಗೆ ಗುಂಯ್‌ಗುಡುತ್ತಿತ್ತು. ಇನ್ನೊಂದು ಕರಾರೂ ಇತ್ತು. ತೂಕ ಒಂದು ಗೆರೆಗಿಂತ ಕೆಳಗಿಳಿದರೆ ಆವತ್ತೇ ದವಾಖಾನೆಗೆ ಸೇರಬೇಕು. ಆ ಗೆರೆಗೆ ಹೆದರಿಯೇ ಅವಳ ಲಂಗದ ನಡುಪಟ್ಟಿಯೊಳಗೆ, ಎಡ ಸೊಂಟದ ಎಲುಬಿಗೆ ಒತ್ತಿಕೊಂಡು, ಅಣ್ಣನ ಬೆಲ್ಲದ ಅಂಗಡಿಯ ಅರ್ಧ ಕಿಲೋದ ಕಬ್ಬಿಣದ ತೂಕ ತಣ್ಣಗೆ ಕೂತಿತ್ತು.

"ಇಳೀರಿ. ಕೂಡ್ರಿ," ಅಂದರು ಸರಿತಾ.

ಕಬ್ಬಿಣ ಕುರ್ಚಿಯ ಅಂಚಿಗೆ ತಾಗಿ ಸಪ್ಪಳಾಗಬಾರದೆಂದು ತ್ರಿಶಲಾ ತುಸು ಬಲಕ್ಕೆ ವಾಲಿ ಕೂತಳು. ಏಳೆಂಟು ವಾರದಿಂದ ಹಾಗೆ ಕೂಡುವುದು ರೂಢಿಯಾಗಿತ್ತು. ಸರಿತಾ ಎಂದಿನಂತೆ ಸ್ಟೀಲಿನ ಲೋಟದಲ್ಲಿ ಬಿಸಿನೀರು ತಂದು ಅವಳ ಮುಂದಿನ ಸ್ಟೂಲಿನ ಮೇಲಿಟ್ಟರು. ಶ್ರಾವಣ ಇನ್ನೂ ಈಗ ಹತ್ತಿತ್ತು, ಹೊರಗೆ ಸೆಕೆ. ಆದರೂ ತ್ರಿಶಲಾಗೆ ಚಳಿ. ಅವಳು ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು.

ಸರಿತಾ ನಿಪ್ಪಾಣಿಯವರು. ಐವತ್ತು ದಾಟಿದ ಹೆಂಗಸು, ದಪ್ಪ ಚಷ್ಮಾ. ಮನೆಯ ಮಾತು ಮರಾಠಿಯಾದ್ದರಿಂದ ಅವರ ಕನ್ನಡಕ್ಕೂ ಅದರ ರಾಗ ಹತ್ತಿತ್ತು. ಸೋಮವಾರ, ಗುರುವಾರ ಚಿಕ್ಕೋಡಿಗೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಕೂಡುತ್ತಿದ್ದರು. ಮನಸ್ಸಿನ ಬೇನೆಯನ್ನು ಕೂತು ಮಾತಾಡಿ ವಾಸಿ ಮಾಡುವವರೆಂದು ತ್ರಿಶಲಾಳ ಊರು ಅಲಖನೂರಿನಲ್ಲಿ ಅವರಿಗೆ 'ಮಾತಿನ ಡಾಕ್ಟರ್' ಎಂದು ಹೆಸರು ಬಿದ್ದಿತ್ತು. ನಾಲ್ಕು ವರ್ಷದ ಹಿಂದೆ ತ್ರಿಶಲಾ ಅಂಗಳದಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಾಗ, ಎಲುಬಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಈ ಎಲುಬಿಗೆ ಎಪ್ಪತ್ತು ವರ್ಷ ಆಗೇತಲ್ರಿ, ನಿಮಗ ಮೂವತ್ನಾಲ್ಕು ಅಂತೀರಿ," ಎಂದು ಕೇಳಿ, ಒಂದು ಚೀಟಿಯಲ್ಲಿ ಸರಿತಾರ ವಿಳಾಸ ಬರೆದುಕೊಟ್ಟಿದ್ದರು.

"ಈ ವಾರ ಹೆಂಗಿತ್ತು?"

"ಚಲೋ ಇತ್ರಿ."

ಆ ಕೋಣೆಯಲ್ಲಿ 'ಚಲೋ' ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಸರಿತಾ ಕಾದರು. ಕಾಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಕೆಳಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಆ ಸದ್ದು ತ್ರಿಶಲಾಗೆ ನೀರೊಳಗೆ ಮುಳುಗಿ ಕೇಳಿದ ಹಾಗೆ ತಡವಾಗಿ, ಮೆತ್ತಗೆ ಬಂದು ತಲುಪಿತು. ಇತ್ತೀಚೆಗೆ ಎಲ್ಲವೂ ಹಾಗೆಯೇ. ಲೋಕಕ್ಕೂ ಅವಳಿಗೂ ನಡುವೆ ಯಾರೋ ತೆಳ್ಳಗಿನ ಮಲ್ಲಿನ ಬಟ್ಟೆ ಇಳಿಬಿಟ್ಟ ಹಾಗೆ.

"ಮೇಡಂ, ಈ ಸಲ ಪರ್ವದಾಗ ಹತ್ತೂ ದಿನದ ಉಪವಾಸ ಹಿಡೀತೀನ್ರಿ," ಅಂದಳು ತ್ರಿಶಲಾ, ಲೋಟದೊಳಗಿನ ನೀರಿಗೆ ಹೇಳುವ ಹಾಗೆ. ಭಾದ್ರಪದದಲ್ಲಿ ಬರುವ ಜೈನರ ದಶಲಕ್ಷಣ ಪರ್ವ. ಹಿಡಿದವರಿಗೆ ಹತ್ತು ದಿನ ಅನ್ನವಿಲ್ಲ, ದಿನಕ್ಕೊಮ್ಮೆ ಕಾಸಿ ಆರಿಸಿದ ನೀರು ಮಾತ್ರ. "ಬಸದ್ಯಾಗ ಮಾತಾಜಿಯವರ ಕಡೆ ಹೆಸರು ಕೊಟ್ಟು ಬಂದೇನಿ."

ಸರಿತಾರ ಪೆನ್ನು ನಿಂತಿತು. "ಹೋದ ತಿಂಗಳ ಎದಿ ಬಡಿತದ ಕಾಗದ ನಿಮಗ ತೋರಿಸಿದ್ದೆ. ನೆನಪೈತಿ?"

"ಐತ್ರಿ."

"ಮೂರು ದಿನ ಸುದ್ಧಾ ತಡಕೊಳ್ಳಾಂಗಿಲ್ಲ ಅದು, ತ್ರಿಶಲಾ."

"ಹದಿನಾರನೇ ವರ್ಷದಾಗ ಮಾಡೇನಲ್ರಿ. ಏನೂ ಆಗಲಿಲ್ಲ."

ಏನೂ ಆಗಲಿಲ್ಲ ಎಂದಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು. ಆ ತಾಸೆಲ್ಲ ಮಾತು ಏಳಲೇ ಇಲ್ಲ. ಹನ್ನೆರಡಕ್ಕೆ ತ್ರಿಶಲಾ ಎದ್ದು, ಸೆರಗು ಸರಿಮಾಡುವ ನೆವದಲ್ಲಿ ಕಬ್ಬಿಣವನ್ನು ಒತ್ತಿ ಹಿಡಿದುಕೊಂಡು ಮೆಟ್ಟಿಲಿಳಿದಳು.

ಹದಿನಾರರ ಆ ಪರ್ವ ಅವಳ ಕಣ್ಣಿನಿಂದ ಎಂದೂ ಹೋಗಿರಲಿಲ್ಲ. ಅಪ್ಪ ತವನಪ್ಪನ ನಾಲ್ಕು ಮಕ್ಕಳಲ್ಲಿ ಅವಳು ಕೊನೆಯವಳು. ಅಪ್ಪ ಅವಳನ್ನು ಕರೆಯುವಾಗ ಮೊದಲು ಇಬ್ಬರು ಅಕ್ಕಂದಿರ ಹೆಸರು ಬಾಯಿಗೆ ಬಂದು, ಆಮೇಲೆ ಸರಿಯಾದದ್ದು ಬರುತ್ತಿತ್ತು. ಹತ್ತು ದಿನ ಮುಗಿದ ಮುಂಜಾನೆ ಟ್ರ್ಯಾಕ್ಟರಿಗೆ ಬಾಳೆಕಂಬ ಕಟ್ಟಿ, ಅವಳನ್ನು ಕುರ್ಚಿಯ ಮೇಲೆ ಕೂಡಿಸಿ, ಬ್ಯಾಂಡಿನವರ ಹಿಂದೆ ಊರೆಲ್ಲ ಮೆರೆಸಿದರು. ಅವಳಿಗೆ ಊರು ಬಹಳ ಕೆಳಗೆ ಇದ್ದ ಹಾಗೆ, ತಾನು ಗಾಳಿಯಲ್ಲಿ ಹೊರಟ ಹಾಗೆ ಅನ್ನಿಸಿತು. ಬಸದಿಯ ಮುಂದೆ ಇಳಿಸಿದಾಗ ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. "ನನ್ನ ತ್ರಿಶಲಾ," ಅಂದ. ಒಂದೇ ಸಲಕ್ಕೆ ಸರಿಯಾದ ಹೆಸರು.

ಆಮೇಲೆ ಊಟ ಅವಳ ಹತ್ತಿರ ಪೂರ್ತಿಯಾಗಿ ಮರಳಿ ಬರಲೇ ಇಲ್ಲ. ಮೊದಲು ಅಷ್ಟಮಿ, ಚತುರ್ದಶಿಯ ಉಪವಾಸ. ಆಮೇಲೆ ದಿನಕ್ಕೆ ಒಂದೇ ಊಟ. ಆಮೇಲೆ ಆ ಊಟದೊಳಗಿಂದ ತುಪ್ಪ ಬಿಟ್ಟಳು, ಬೆಲ್ಲ ಬಿಟ್ಟಳು, ಎಣ್ಣೆ ಬಿಟ್ಟಳು. ಬಿಟ್ಟದ್ದಕ್ಕೆಲ್ಲ ಒಂದೊಂದು ವ್ರತದ ಹೆಸರಿತ್ತು. ಊರವರು ಕೈ ಮುಗಿದರು. ನೋಡಲು ವರನ ಕಡೆಯವರು ಎರಡು ಸಲ ಬಂದು, ಕಡ್ಡಿಯಂಥ ಮುಂಗೈ ನೋಡಿ ತಿರುಗಿ ಹೋದರು. ಅಪ್ಪ ಸತ್ತ. ಅವಳು ಅಣ್ಣ ನೇಮಿನಾಥನ ಮನೆಯಲ್ಲಿ ಅಡುಗೆಗೆ ನಿಂತಳು. ಅವಳ ಹೋಳಿಗೆ ಸುತ್ತಲ ನಾಲ್ಕು ಊರಿಗೆ ಹೆಸರಾಯಿತು. ಎಲೆಯಷ್ಟು ತೆಳ್ಳಗೆ ಲಟ್ಟಿಸಿ, ಹಂಚಿನ ಮೇಲೆ ಉಬ್ಬಿಸಿ, ಒಬ್ಬೊಬ್ಬರ ತಾಟಿಗೆ ಹಾಕಿ, ಅವರು ತಿನ್ನುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಹಾಗೆ ಇಪ್ಪತ್ತೆರಡು ವರ್ಷ.

ಆ ಗುರುವಾರ ಅವಳು ಚಿಕ್ಕೋಡಿಯಿಂದ ಮನೆ ಮುಟ್ಟುವಷ್ಟರಲ್ಲಿ ನೇಮಿನಾಥ ಅಂಗಡಿಯಿಂದ ಬಂದು ಪಡಸಾಲೆಯಲ್ಲಿ ಕೂತಿದ್ದ. ಅವ್ವ ಕುಸುಮ ಕಂಬಕ್ಕೆ ಆತು ಅಳುತ್ತಿದ್ದಳು.

"ಆ ನಿಪ್ಪಾಣಿ ಬಾಯಿ ನನಗ ಫೋನ್ ಮಾಡಿದ್ಲು," ಅಂದ ನೇಮಿನಾಥ. "ನಿನಗ ಉಪವಾಸ ಮಾಡಗೊಡಬ್ಯಾಡ್ರಿ ಅಂತ. ಜೀವಕ್ಕ ಅಪಾಯ ಐತಿ ಅಂತ. ನಮ್ಮ ಮನಿ ವ್ರತ ನೇಮ ಕೇಳಾಕ ಆಕಿ ಯಾರಬೇ?"

"ಏನ ಹೇಳೀದಿ ನೀ ಆಕಿಗೆ?" ಕುಸುಮಳ ದನಿ ಒಡೆದಿತ್ತು. "ಮನಿ ಮಾತೆಲ್ಲಾ ಹೇಳ್ತಿಯೇನ ಅಲ್ಲಿ ಕೂತು?"

ತ್ರಿಶಲಾ ಸಿಟ್ಟಿನಿಂದ ಒಳಗೆ ಹೋಗಿ ಹಿತ್ತಲ ಬಾಗಿಲಲ್ಲಿ ಕೂತಳು. ನಾಲ್ಕು ವರ್ಷದಲ್ಲಿ ಆ ಕೋಣೆಯಿಂದ ಒಂದು ಮಾತೂ ಹೊರಗೆ ಬಂದಿರಲಿಲ್ಲ. ಲೋಕದಲ್ಲಿ ಗೋಡೆಯಿದ್ದ ಜಾಗ ಅದೊಂದೇ ಎಂದು ಅವಳು ತಿಳಿದಿದ್ದಳು. ತಾನು ಸೊಂಟದಲ್ಲಿ ಕಬ್ಬಿಣ ಕಟ್ಟಿಕೊಂಡು ಹೋಗುತ್ತಿದ್ದುದು ಆಗ ಅವಳ ನೆನಪಿಗೆ ಬರಲಿಲ್ಲ.

ಮರುದಿನ ಫೋನಿಗೆ ಒಂದು ಸಂದೇಶ ಬಂತು. 'ನಿಮಗ ಕೇಳದೇ ಮನಿಗೆ ಫೋನ್ ಮಾಡಿದ್ದು ನನ್ನ ತಪ್ಪು. ಹೆದರಿದ್ದೆ. ಮೊದಲು ನಿಮಗ ಹೇಳಬೇಕಿತ್ತು. ಗುರುವಾರ ಹನ್ನೊಂದರ ತಾಸು ನಿಮ್ದ ಐತಿ.' ಅವಳು ಓದಿದಳು, ಉತ್ತರ ಬರೆಯಲಿಲ್ಲ. ಮುಂದಿನ ಗುರುವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ.

ನಾಲ್ಕು ವಾರ ಹಾಗೆ ತೇಲಿ ಹೋದವು. ಮನೆಯ ಹಿಂದಿನ ಕಬ್ಬು ಆಳೆತ್ತರ ಬೆಳೆದಿತ್ತು. ಮಧ್ಯಾಹ್ನ ಗಾಳಿ ಬೀಸಿದರೆ ಗರಿ ಗರಿಗೆ ತಾಗಿ ಎಲ್ಲೋ ಮಳೆ ಬಂದ ಹಾಗೆ ಸದ್ದು. ಹೊರಗೆ ಬಂದು ನೋಡಿದರೆ ಒಣ ಬಿಸಿಲು. ತ್ರಿಶಲಾ ಒಲೆಯ ಮುಂದೆ ನಿಂತಲ್ಲೇ ಕೆಲವು ಗಳಿಗೆ ಎಲ್ಲಿದ್ದೇನೆಂದು ಮರೆಯುತ್ತಿದ್ದಳು. ರೊಟ್ಟಿ ಸೀದ ವಾಸನೆ ಬಂದಾಗ ಮರಳುತ್ತಿದ್ದಳು. ಕಬ್ಬಿಣದ ತೂಕವನ್ನು ಅವಳು ಬಿಚ್ಚಿಡಲಿಲ್ಲ. ತೂಗುವವರಿಲ್ಲದಿದ್ದರೂ ಅದು ಸೊಂಟದಲ್ಲಿತ್ತು, ಗಾಳಿಗೆ ಹಾರಿಹೋಗದ ಹಾಗೆ ಹಿಡಿದಿಟ್ಟಿದೆ ಎಂಬಂತೆ.

ಪರ್ವಕ್ಕೆ ಐದು ದಿನ ಉಳಿದಿದ್ದಾಗ ಬಸದಿಯಲ್ಲಿ ಉಪವಾಸ ಹಿಡಿಯುವವರ ಹೆಸರು ಓದಿದರು. ತ್ರಿಶಲಾಳ ಹೆಸರಿನ ಕೆಳಗೆ ಬ್ರಾಹ್ಮಿಯ ಹೆಸರಿತ್ತು. ಬ್ರಾಹ್ಮಿ ನೇಮಿನಾಥನ ಮಗಳು, ಹದಿನಾರು ವರ್ಷ, ರಾಯಬಾಗದ ಕಾಲೇಜಿಗೆ ಈ ವರ್ಷ ಸೇರಿದ್ದಳು. ಚಿಕ್ಕಂದಿನಿಂದ ಅತ್ತೆಯ ಸೆರಗು ಹಿಡಿದೇ ಬೆಳೆದವಳು. ಹೆಸರು ಕೇಳಿ ಹೆಂಗಸರೆಲ್ಲ ತಿರುಗಿ ನೋಡಿದರು. ನೇಮಿನಾಥನ ಮುಖ ಹಿಗ್ಗಿತು. ತ್ರಿಶಲಾಗೂ ಆ ಗಳಿಗೆ ಸಂತೋಷವೇ ಆಯಿತು. "ಇಬ್ಬರೂ ಕೂಡೇ ಮಾಡೂಣ ಅತ್ತಿ," ಎಂದು ಬ್ರಾಹ್ಮಿ ಕೈ ಹಿಡಿದಾಗ ಅವಳು ಹೂಂ ಅಂದಳು.

ಮರುದಿನ ಮುಂಜಾನೆ, ತ್ರಿಶಲಾ ಸಗಣಿ ಹಾಕಲು ಹಿತ್ತಲಿಗೆ ಹೋದಾಗ, ದನದ ಕೊಟ್ಟಿಗೆಯಲ್ಲಿ ಬ್ರಾಹ್ಮಿ ಬೆನ್ನು ಮಾಡಿ ನಿಂತಿದ್ದಳು. ಓಢಣಿಯ ಗಂಟಿನಿಂದ ಒಂದು ರೊಟ್ಟಿ ತೆಗೆದಳು. ನಾಲ್ಕಾಗಿ ಮುರಿದು, ಎಮ್ಮೆಯ ಬಾಯಿಗೆ ಒಂದೊಂದೇ ಕೊಟ್ಟಳು. ಆಮೇಲೆ ಕೈ ಜಾಡಿಸಿ, ಬಾಯಿಯ ಎರಡೂ ಬದಿ ಬೆರಳಿನಿಂದ ಒರೆಸಿಕೊಂಡಳು, ತಿಂದವಳ ಹಾಗೆ.

ಬಾಯಿ ಒರೆಸಿಕೊಳ್ಳುವ ಆ ರೀತಿ ತ್ರಿಶಲಾಳದು. ಯಾರಿಗೂ ಕಾಣದು ಎಂದು ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು.

"ಬ್ರಾಹ್ಮಿ."

ಹುಡುಗಿ ಬೆಚ್ಚಿ ತಿರುಗಿದಳು. ಆಮೇಲೆ ನಕ್ಕಳು. "ರೂಢಿ ಆಗ್ಲಿ ಅಂತ, ಅತ್ತಿ. ಹದಿನೈದು ದಿನ ಆತು. ಅವ್ವಗ ಹೇಳಬ್ಯಾಡ. ನೋಡ, ನಿನ್ನಂಗ ಹಗೂರ ಆಗಾಕತ್ತೀನಿ," ಎಂದು ಮುಂಗೈ ಮುಂದೆ ಚಾಚಿದಳು.

ತ್ರಿಶಲಾ ಆ ಮುಂಗೈ ಹಿಡಿದುಕೊಂಡಳು. ಬೆಚ್ಚಗಿತ್ತು. ಹಿಡಿದೇ ನಿಂತಳು. ಆವತ್ತು ಗುರುವಾರ.

ರಾಯಬಾಗದಲ್ಲಿ ಬಸ್ಸು ಬದಲಿಸಿ ಚಿಕ್ಕೋಡಿಯಲ್ಲಿ ಇಳಿದಾಗ ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಹುಡುಗಿಯ ವಿಷಯ ಕೇಳಿ ಬರುತ್ತೇನೆ, ಅಷ್ಟೇ, ಎಂದು ಬಸ್ಸಿನುದ್ದಕ್ಕೂ ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ರಸ್ತೆಯ ಈ ಬದಿ ಚಹಾದಂಗಡಿಯ ನೆರಳಿಗೆ ಬಂದಾಗ ಕಾಲು ಮುಂದೆ ಹೋಗಲಿಲ್ಲ. ಅಲ್ಲಿಂದ ಮೇಲಿನ ಕಿಟಕಿ ಕಾಣುತ್ತಿತ್ತು. ಸರಿತಾ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಫೋನಿಲ್ಲ, ಪುಸ್ತಕವಿಲ್ಲ. ಎದುರಿನ ಕುರ್ಚಿ ಖಾಲಿ. ಅವರು ಎದ್ದು ಒಳಗೆ ಹೋಗಿ, ಸ್ಟೀಲಿನ ಲೋಟ ತಂದು, ಖಾಲಿ ಕುರ್ಚಿಯ ಮುಂದೆ ಇಟ್ಟು, ಮತ್ತೆ ಕೂತರು.

ಕೆಳಗಿನ ಬಟ್ಟೆ ಅಂಗಡಿಯ ದುಂಡೇಶ ಹೊರಗೆ ಸೀರೆ ತೂಗುಹಾಕುತ್ತಿದ್ದವನು ಅವಳನ್ನು ಗುರುತಿಸಿದ. "ಏನ್ರಿ ಅಕ್ಕಾರ, ಭಾಳ ದಿವಸ ಆತು? ಮ್ಯಾಲ ಹೋಗ್ರಿ. ಹನ್ನೊಂದರಿಂದ ಹನ್ನೆರಡರ ತನಕ ಮೇಡಮ್ಮಾರು ಯಾರನ್ನೂ ಬಿಟ್ಕೊಳ್ಳಾಂಗಿಲ್ಲ. ಒಬ್ಬರ ಕೂತಿರ್ತಾರ. ಹೋದ ವಾರ ಮಂದಿ ಬಂದ್ರೂ ಕೆಳಗ ಕೂಡಸ್ರಿ ಅಂದ್ರು."

ಮೆಟ್ಟಿಲು ಹದಿನೆಂಟು. ಎಂಟನೆಯದಕ್ಕೆ ಅವಳು ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಬಾಗಿಲಲ್ಲಿ ಕಾಣಿಸಿದಾಗ ಸರಿತಾ ಎದ್ದು ನಿಂತರು. ಬಂದಿರಾ ಎಂದು ಕೇಳಲಿಲ್ಲ. ಅವರ ಕಣ್ಣು ಮಾತ್ರ ಚಷ್ಮಾದ ಹಿಂದೆ ಒದ್ದೆಯಾದವು. ಅದನ್ನು ಅವರು ಮುಚ್ಚಿಕೊಳ್ಳಲೂ ಇಲ್ಲ.

"ನನ್ನ ಸಲುವಾಗಿ ಬಂದಿಲ್ಲ ನಾ," ಅಂದಳು ತ್ರಿಶಲಾ.

"ಆಗ್ಲಿ. ಕೂಡ್ರಿ."

ಅವಳು ಬ್ರಾಹ್ಮಿಯ ವಿಷಯ ಹೇಳಿದಳು. ರೊಟ್ಟಿ, ಎಮ್ಮೆ, ಓಢಣಿಯ ಗಂಟು, ಬಾಯಿ ಒರೆಸಿಕೊಂಡದ್ದು. ಹೇಳುತ್ತ ಹೇಳುತ್ತ ದನಿ ಏರಿತು. "ನೀವ ಆಕೀಗೆ ಹೇಳ್ರಿ ಮೇಡಂ. ಹಂಗ ಮಾಡಬ್ಯಾಡ ಅನ್ರಿ. ಆಕಿ ಸಣ್ಣಾಕಿ. ಆಕೀಗೆ ತಿಳೀದಿಲ್ಲ ಇದು ಹೆಂಗ ಹಿಡಕೋತೈತಿ ಅಂತ."

"ಏನು ಹಿಡಕೋತೈತಿ?"

ತ್ರಿಶಲಾ ಎದ್ದು, ಗೋಡೆಯ ಕಡೆ ತಿರುಗಿ, ನಡುಪಟ್ಟಿಯ ಹೊಲಿಗೆಯನ್ನು ಉಗುರಿನಿಂದ ಕಿತ್ತಳು. ಕಬ್ಬಿಣದ ತೂಕವನ್ನು ತಂದು ಮೇಜಿನ ಮೇಲಿಟ್ಟಳು. ಟಣ್ ಅಂತು.

ಸರಿತಾ ಅದನ್ನು ಮುಟ್ಟಲಿಲ್ಲ.

"ನಿಮಗ ಗೊತ್ತಿತ್ತೇನ್ರಿ?"

"ಎರಡನೇ ವಾರದಿಂದ. ಒಂದ ಬದಿ ವಾಲಿ ಕೂಡತಿದ್ರಿ. ಬರಕೊಳ್ಳಬೇಕಾದ್ರ ಅರ್ಧ ಕಿಲೋ ಕಳೀತಿದ್ದೆ. ಕಳದ್ರೂ ಆಗ ಗೆರಿ ಮ್ಯಾಲ ಇದ್ರಿ."

"ಮತ್ತ ಯಾಕ ಕೇಳಲಿಲ್ಲ?"

"ನೀವ ಹೇಳ್ತೀರಿ ಅಂತ ಕಾದೆ. ಅದೂ ತಪ್ಪ ಇರಬೇಕು. ಆಮ್ಯಾಲ ನೀವು ಉಪವಾಸದ ಮಾತು ಎತ್ತಿದ್ರಿ, ನಾ ಹೆದರಿ ಮನಿಗೆ ಫೋನ್ ಮಾಡಿದೆ. ಇಪ್ಪತ್ತ ವರ್ಷ ಈ ಕೆಲಸ ಮಾಡೀನಿ, ತ್ರಿಶಲಾ. ನಿಮ್ಮ ಮುಂದ ಕೂತಾಗ ಎಷ್ಟೋ ಸಲ ಏನ್ ಮಾಡಬೇಕಂತ ನನಗ ತಿಳೀದಿಲ್ಲ."

ಬೇರೆ ಯಾರಾದರೂ ಹೀಗೆಂದಿದ್ದರೆ ತ್ರಿಶಲಾಗೆ ಭಯವಾಗುತ್ತಿತ್ತು. ಈಗ ಯಾಕೋ ಎದೆಯೊಳಗೆ ಬಿಗಿದದ್ದು ಸಡಿಲವಾಯಿತು. ಅವಳು ಬಿಸಿನೀರಿನ ಲೋಟ ಎತ್ತಿಕೊಂಡಳು. ಹಿಂದೆಂದೂ ಯಾರಿಗೂ ಹೇಳದ ಮಾತನ್ನು ಹೇಳಿದಳು.

"ನನಗ ದಿನಾ ಒಂದ ಕನಸು ಬೀಳ್ತೈತ್ರಿ. ಇಪ್ಪತ್ತೆರಡು ವರ್ಷದಿಂದ. ದೊಡ್ಡ ಮಂಟಪ. ಈ ತುದಿಯಿಂದ ಆ ತುದಿ ಮಟ ಬಾಳಿ ಎಲಿ ಹಾಕ್ಯಾರ, ಬಡಿಸ್ಯಾರ. ಒಬ್ಬರೂ ಇಲ್ಲ. ನಾ ಒಬ್ಬಾಕಿನ ಒಂದೊಂದ ಎಲಿ ಮುಂದ ಕೂತು ಉಣತೀನಿ. ಮುಗಿಯಾಂಗಿಲ್ಲ. ಎಚ್ಚರಾದ ಕೂಡ್ಲೆ ಬೆರಳ ಮೂಸಿ ನೋಡ್ತೀನಿ. ಹೋಗಿ ಬಾಯಿ ಮುಕ್ಕಳಿಸಿ, ಕನಸಿನ್ಯಾಗ ಉಂಡ ಪಾಪಕ್ಕ ಜಪ ಮಾಡ್ತೀನಿ."

ಸರಿತಾ ತುಸು ಮುಂದೆ ಬಾಗಿದರು. "ಹೋಳಿಗಿ ಇರ್ತಾವೇನ್ರಿ?"

"...ಇರ್ತಾವ್ರಿ."

"ತುಪ್ಪ?"

"ಭಾಳ ಇರ್ತೈತಿ," ಅಂದಳು ತ್ರಿಶಲಾ. ಅಂದವಳಿಗೆ ನಗು ಬಂತು. ನಗು ಅರ್ಧದಲ್ಲೇ ಅಳುವಾಗಿ, ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬಾಗಿದಳು. ಸರಿತಾ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಮುಟ್ಟಲಿಲ್ಲ, ಉಸಿರಿನ ಸದ್ದು ಕೇಳುವಷ್ಟು ಹತ್ತಿರ ಕೂತರು.

ಆಮೇಲೆ ಅವಳು ತಾನಾಗಿಯೇ ಯಂತ್ರದ ಮೇಲೆ ನಿಂತಳು. ಸರಿತಾ ನೋಡಿ, ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು.

"ಗೆರಿ ದಾಟೇತಿ. ಭಾಳ ದಾಟೇತಿ."

"ಇವತ್ತ ಮನಿಗೆ ಹೋಗಿ ಬ್ರಾಹ್ಮಿಗೆ ಹೇಳಿ, ನಾಳೆ ಬರ್ತೀನ್ರಿ."

ಸರಿತಾ ಅವಳ ನಾಡಿ ಹಿಡಿದು ಗಡಿಯಾರ ನೋಡಿದರು. "ಈ ನಾಡಿ ಇಟ್ಕೊಂಡು ರಾಯಬಾಗದ ಬಸ್ಸ ಹತ್ತಸಾಕ ನನಗ ಧೈರ್ಯ ಇಲ್ಲ. ಆದ್ರ ಈ ಸಲ ಮನಿಗೆ ಫೋನ್ ನಾ ಮಾಡಾಂಗಿಲ್ಲ. ನೀವ ಮಾಡ್ರಿ. ನಾ ಬಾಜೂಕ ಕೂತಿರ್ತೀನಿ."

ಫೋನು ಅಂಗಡಿಯಲ್ಲಿ ಎತ್ತಿದರು. ಬೆಲ್ಲದ ಪೆಂಟೆ ಇಳಿಸುವ ಗದ್ದಲ ಕೇಳುತ್ತಿತ್ತು.

"ಅಣ್ಣಾ, ನಾ ಇಲ್ಲೇ ಚಿಕ್ಕೋಡ್ಯಾಗ ದವಾಖಾನಿಗೆ ಸೇರಾಕತ್ತೀನಿ. ಬಸದ್ಯಾಗ ನನ್ನ ಹೆಸರು ತಗಸು. ನನಗ..." ಅವಳು ಸರಿತಾರ ಕಡೆ ನೋಡಿದಳು. "ನನಗ ಊಟ ಮಾಡಾಕ ಬರಾಂಗಿಲ್ಲಣ್ಣಾ. ವ್ರತ ಅಂತ ಹೇಳ್ಕೊಂತ ಬಂದೆ. ಬ್ಯಾನಿ ಇದು."

ಆ ಕಡೆ ಗದ್ದಲ ದೂರವಾಯಿತು. ನೇಮಿನಾಥ ಎಲ್ಲೋ ಒಳಗೆ ಹೋಗಿ ನಿಂತಿರಬೇಕು. ತ್ರಿಶಲಾ ಕಣ್ಣು ಮುಚ್ಚಿ ಬೈಗುಳಕ್ಕೆ ಕಾದಳು.

"ಯಾವ ದವಾಖಾನಿ?" ಅಂದ ಅವನು. ಮತ್ತೆ ಸ್ವಲ್ಪ ತಡೆದು, "ಆ ಹಸಿರು ಚಾದರ ತರ್ತೀನಿ. ನಿನಗ ಥಂಡಿ ಆಗ್ತೈತಿ."

ದವಾಖಾನೆಯ ಮೊದಲ ನಾಲ್ಕು ದಿನ ಅವಳಿಗೆ ಸರಿಯಾಗಿ ನೆನಪಿಲ್ಲ. ಸಲಾಯಿನಿನ ಹನಿ ಬೀಳುವುದು, ನರ್ಸ್ ಎದೆಗೆ ಅಂಟಿಸುವ ತಣ್ಣಗಿನ ಬಿಲ್ಲೆಗಳು, ಕಿಟಕಿಯಾಚೆ ಬೇವಿನ ಮರ ಬೆಳಕಿನಲ್ಲಿ ಈಜುತ್ತಿದ್ದದ್ದು. ಹೊಟ್ಟೆ ಹೆದರದ ಹಾಗೆ ಗಂಜಿಯನ್ನು ಚಮಚದ ಲೆಕ್ಕದಲ್ಲಿ ಕೊಟ್ಟರು. ಒಂದೊಂದು ಚಮಚವೂ ಗಂಟಲಲ್ಲಿ ನಿಂತು, ಯಾರೋ ಅನ್ಯರು ಮನೆಯೊಳಗೆ ಬಂದ ಹಾಗೆ ಅವಳಿಗೆ ಅನ್ನಿಸುತ್ತಿತ್ತು. ಎರಡು ಸಲ ತಾಟು ತಳ್ಳಿದಳು. ಒಂದು ಸಲ ನರ್ಸ್ ಆಚೆ ಹೋದಾಗ ಗಂಜಿಯನ್ನು ಚಾದರದ ಮೂಲೆಗೆ ಸುರಿದುಕೊಂಡಳು. ಸಂಜೆ ತಾನೇ ನರ್ಸನ್ನು ಕರೆದು ಆ ಮೂಲೆ ತೋರಿಸಿದಳು. ಅಣ್ಣ ಬಂದು ಕಾಲ ಹತ್ತಿರ ಕೂತು ಹೋಗುತ್ತಿದ್ದ. ಬಸದಿಯಲ್ಲಿ ಹೆಸರು ತೆಗೆಸಿದಾಗ ಮಾತಾಜಿಯವರು ಏನೂ ಕೇಳಲಿಲ್ಲವಂತೆ, ಮೊದಲು ಆರೋಗ್ಯ ನೋಡ್ಕೊಳ್ಳಲಿ ಅಂದರಂತೆ. ಊರವರು ಏನೆನ್ನುತ್ತಾರೆಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಪರ್ವದ ನಾಲ್ಕನೆಯ ದಿನ ಗುರುವಾರ. ಹನ್ನೊಂದಕ್ಕೆ ಸರಿತಾ ಬಂದು ಮಂಚದ ಹತ್ತಿರ ಕೂತಿದ್ದರು. ಆವತ್ತು ಮೊದಲ ಸಲ ಅನ್ನ, ಹೆಸರಬೇಳೆಯ ತೊವ್ವೆ. ತ್ರಿಶಲಾ ಮೂರು ಚಮಚ ಮುಗಿಸಿದಾಗ ಬಾಗಿಲಲ್ಲಿ ಬ್ರಾಹ್ಮಿ ನಿಂತಿದ್ದಳು. ಹಿಂದೆ ವೈನಿ, ನೇಮಿನಾಥನ ಹೆಂಡತಿ. ವೈನಿ ಕೈಚೀಲವನ್ನು ಮಂಚದ ಮೇಲಿಟ್ಟು, ನಾದಿನಿಯ ಗಲ್ಲ ಮುಟ್ಟಿ, ಔಷಧದ ಚೀಟಿ ಹಿಡಿದು ಕೆಳಗೆ ಹೋದಳು. ಸರಿತಾ ಏಳಲು ಹೋದರು.

"ಇರ್ರಿ ಮೇಡಂ," ಅಂದಳು ತ್ರಿಶಲಾ.

ಬ್ರಾಹ್ಮಿಯ ತುಟಿ ಒಣಗಿದ್ದವು. ಮೂರು ದಿನದ ಉಪವಾಸ. ಅವಳ ಕಣ್ಣಲ್ಲಿ ಒಂದು ಹೊಳಪಿತ್ತು. ಆ ಹೊಳಪು ಒಳಗಿನಿಂದ ಹೇಗಿರುತ್ತದೆಂದು ತ್ರಿಶಲಾಗೆ ಗೊತ್ತಿತ್ತು.

"ಇಬ್ಬರೂ ಕೂಡೇ ಅಂದಿದ್ದಿ ನೀ," ಅಂದಳು ಹುಡುಗಿ. "ನನ್ನೊಬ್ಬಾಕಿನ್ನ ಬಿಟ್ಟು ಇಲ್ಲಿ ಬಂದು ಉಣಾಕತ್ತಿ. ಎಲ್ಲಾರೂ ಕೇಳ್ತಾರ ನನ್ನ. ಇವತ್ತ ಬಸ್ಸಿಗೆ ತಡ ಆಗ್ತೈತಿ ಅಂತ ಇನ್ನೂ ದಿನದ ಉಪವಾಸದ ನೇಮ ಸುದ್ಧಾ ತಗೊಂಡಿಲ್ಲ. ಹೊಳ್ಳಿ ಹೋಗಿ ತಗೋಬೇಕು."

ತ್ರಿಶಲಾ ಚಮಚ ಕೆಳಗಿಡಬೇಕೆಂದುಕೊಂಡಳು. ಹುಡುಗಿಯ ಎದುರಿಗೆ ಉಣ್ಣುವುದೆಂದರೆ ಬತ್ತಲೆ ನಿಂತ ಹಾಗೆ. ಸರಿತಾರ ಕಡೆ ನೋಡಿದಳು. ಅವರು ಹೂಂ ಅನ್ನಲಿಲ್ಲ, ಬೇಡ ಅನ್ನಲಿಲ್ಲ; ಅಲ್ಲಿದ್ದರು. ಅವಳು ನಾಲ್ಕನೆಯ ಚಮಚ ಎತ್ತಿದಳು. ತೊವ್ವೆ ಚೆಲ್ಲಿ ಗದ್ದದ ಮೇಲೆ ಇಳಿಯಿತು. ನುಂಗಿದಳು. ಕಣ್ಣಲ್ಲಿ ನೀರು ತಾನಾಗಿ ಸುರಿಯತೊಡಗಿತು. ಅದನ್ನು ಒರೆಸಿಕೊಳ್ಳದೆ ಐದನೆಯದನ್ನು ಎತ್ತಿದಳು. ಬ್ರಾಹ್ಮಿ ಅವಳು ಉಣ್ಣುವುದನ್ನು ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದಳು. ಅವಳ ಮುಖದ ಸಿಟ್ಟು ಮೆಲ್ಲಗೆ ಗಾಬರಿಯಾಯಿತು.

"ಅತ್ತಿ, ನೋಯ್ತೈತೇನ?"

"ಟ್ರ್ಯಾಕ್ಟರದಾಗ ಮೆರಸಿದ್ದು ಎಲ್ಲಾರೂ ನಿನಗ ಹೇಳ್ಯಾರ," ಅಂದಳು ತ್ರಿಶಲಾ. "ಅದರ ಮರುದಿನದ್ದು ಯಾರಿಗೂ ಗೊತ್ತಿಲ್ಲ. ಹನ್ನೊಂದನೇ ದಿನ ಅವ್ವ ತಾಟು ಮುಂದಿಟ್ಲು. ಎಲ್ಲಿಂದ ಚಾಲೂ ಮಾಡಬೇಕಂತ ನನಗ ತಿಳೀಲಿಲ್ಲ. ಇನ್ನೂ ತಿಳಿದಿಲ್ಲ, ಬ್ರಾಹ್ಮೀ. ಈ ವಯಸ್ಸಿನ್ಯಾಗ ಕಲಿಯಾಕತ್ತೀನಿ, ನೋಡ."

ಹುಡುಗಿ ಮಂಚದ ಕಾಲ ಕಡೆ ಕೂತಳು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಆರನೆಯ ಚಮಚ ತ್ರಿಶಲಾಳ ಬಾಯಲ್ಲೇ ಉಳಿಯಿತು. ಅದನ್ನು ಕಂಡು ಸರಿತಾ, ಯಾರಿಗೂ ಅಲ್ಲದ ಹಾಗೆ, ತಮ್ಮ ಮನೆಯ ಸುದ್ದಿ ತೆಗೆದರು.

"ನಮ್ಮ ಬೆಕ್ಕು ಈ ಸಲ ಮರಿ ಎಲ್ಲಿ ಹಾಕೇತಿ ಗೊತ್ತೇನು? ಕಪಾಟಿನ್ಯಾಗ. ನನ್ನ ಮದವಿ ಪೈಠಣಿ ಸೀರಿ ಮ್ಯಾಲ. ನಮ್ಮ ಅತ್ತಿಯವ್ರು ನೋಡಿ, ಅರೇ ದೇವಾ, ಸೊಸಿ ಒಮ್ಮಿ ಉಟ್ಟು ಮಡಚಿಟ್ಳು, ಬೆಕ್ಕಾದ್ರೂ ಸುಖಪಡ್ಲಿ, ಬಿಡ್ರಿ ಅಂದ್ರು."

ತ್ರಿಶಲಾ ನುಂಗಿದಳು. ಬ್ರಾಹ್ಮಿಯ ತುಟಿಯ ಅಂಚು ಕದಲಿತು.

"ಎಷ್ಟ ಮರಿ ಅದಾವ್ರಿ?"

"ನಾಲ್ಕು. ಒಂದು ಪೂರ್ತಿ ಕರೇದು, ಕಿವಿ ಅಷ್ಟ ಬೆಳ್ಳಗ. ಅದು ಭಾರಿ ಕಿಲಾಡಿ. ಕಣ್ಣ ತೆಗದಿಲ್ಲ ಇನ್ನೂ, ಜರಿಯಂಚು ಹಿಡದು ಜಗ್ಗತೈತಿ."

"ಸೀರಿ ಹರೀತೇನ್ರಿ ಮತ್ತ?" ಎನ್ನುತ್ತ ಬ್ರಾಹ್ಮಿ ಅವ್ವನ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ವೈನಿ ಬಸ್ಸಿನಲ್ಲಿ ತಿನ್ನಲೆಂದು ತಂದ ಹುರಿದ ಶೇಂಗಾದ ಪೊಟ್ಟಣ ಮೇಲೆಯೇ ಇತ್ತು. ಸರಿತಾ ಬೆಕ್ಕಿನ ಕತೆ ಮುಂದುವರಿಸಿದರು. ಹುಡುಗಿಯ ಕಣ್ಣು ಅವರ ಮುಖದ ಮೇಲೆ, ಕೈ ಪೊಟ್ಟಣದಲ್ಲಿ. ಹಿಡಿಯಷ್ಟು ಶೇಂಗಾ ತೆಗೆದು ಅಂಗೈಗಳ ನಡುವೆ ತಿಕ್ಕಿದಳು, ಉಫ್ ಎಂದು ಊದಿದಳು, ಬಾಯಿಗೆ ಹಾಕಿಕೊಂಡಳು. ಮತ್ತೆ ತಿಕ್ಕಿದಳು.

ಕೆಂಪು ಸಿಪ್ಪೆಗಳು ಫ್ಯಾನಿನ ಗಾಳಿಗೆ ಎದ್ದು, ಕಿಟಕಿಯ ಬಿಸಿಲಲ್ಲಿ ಒಂದು ಸುತ್ತು ತಿರುಗಿ, ಹಸಿರು ಚಾದರದ ಮೇಲೆ, ತ್ರಿಶಲಾಳ ಮೊಣಕಾಲಿನ ಮೇಲೆ, ತಾಟಿನ ಅಂಚಿನಲ್ಲಿ ಬಂದು ಕೂತವು. ಅವಳು ಅವನ್ನು ಜಾಡಿಸಲಿಲ್ಲ.